ಹನ್ನೊಂದು ಸಾಲಿನ ಹಾಳೆ: ಚಿನ್ನುಗೆ ಸರಿಯಾದ ಡಾಕ್ಟ್ರು ಸಿಗೋಕೆ ಹದಿನಾಲ್ಕು ತಿಂಗಳು ಹಿಡೀತು

ಇದು ನನ್ನ ತಂಗಿ ಮಗಳ ಫಿಟ್ಸ್ ಕೇಸು. ಹೆಸರು ಬೇಡ, ಮನೇಲಿ ಕರೆಯೋ ಹಾಗೆ ಚಿನ್ನು ಅಂತಾನೇ ಬರೀತೀನಿ. ಹುಟ್ಟಿದ್ದು 2022ರ ಜನವರಿ, ಸಂಕ್ರಾಂತಿ ಆಗಿ ಒಂದು ವಾರಕ್ಕೆ, ಬೆಂಗಳೂರಲ್ಲೇ, ನಾರ್ಮಲ್ ಡೆಲಿವರಿ, 2 ಕೆಜಿ 900 ಗ್ರಾಂ, ಹುಟ್ಟಿದ ತಕ್ಷಣ ಅತ್ತಳು. ಈ ಅತ್ತಿದ್ದನ್ನ ಯಾಕೆ ಬರೀತಿದೀನಿ ಅಂದ್ರೆ ಆಮೇಲೆ ನಾವು ಹೋದ ಪ್ರತಿ ಆಸ್ಪತ್ರೆಲೂ ಮೊದಲನೇ ಪ್ರಶ್ನೆ ಅದೇ, ಎರಡನೇದು "ಸಂಬಂಧದಲ್ಲಿ ಮದ್ವೆನಾ?". ಹೌದು, ಸಂಬಂಧದಲ್ಲೇ. ನನ್ನ ತಂಗಿನ ನಮ್ಮ ಸೋದರಮಾವನಿಗೇ ಕೊಟ್ಟಿರೋದು, ಅಂದ್ರೆ ನಮ್ಮಮ್ಮನ ಕೊನೇ ತಮ್ಮ. ಆ ಒಂದು ಉತ್ತರ ಕೇಳಿದ ತಕ್ಷಣ ಫೈಲಲ್ಲಿ ಏನೋ ಬರ್ಕೊಂಡು ಮುಖ ಮೇಲೆತ್ತದೇ ಮುಂದಿನ ಪ್ರಶ್ನೆಗೆ ಹೋಗ್ತಿದ್ರು, ನಮ್ಮಮ್ಮ ಪಕ್ಕದಲ್ಲಿ ಸೆರಗು ಹಿಡ್ಕೊಂಡು ಕೂತಿರೋರು, ಯಾಕಂದ್ರೆ ಆ ಮದ್ವೆ ಮಾಡಿಸಿದ್ದು ಅವ್ರೇ.

ನಾನು ಡಾಕ್ಟರ್ ಅಲ್ಲ. ರಾಜಾಜಿನಗರದಲ್ಲಿ ಒಬ್ರು ಆಡಿಟರ್ ಹತ್ರ ಅಕೌಂಟ್ಸ್ ನೋಡ್ಕೋತೀನಿ. ಫೈಲ್ ಹಿಡ್ಕೊಂಡು ಓಡಾಡಿದ್ದು ನಾನು, ಆದ್ರಿಂದ ಎಲ್ಲ ತಾರೀಖು ಸಮೇತ ಇದೆ. ಮಗುಗೆ ಪದೇ ಪದೇ ಫಿಟ್ಸ್ ಬಂದು, ಯಾರಿಗೆ ತೋರಿಸ್ಬೇಕು ಅಂತಾನೇ ಗೊತ್ತಾಗದೆ ಒದ್ದಾಡ್ತಿರೋ ಮನೆಗಳು ಈ ಊರಲ್ಲಿ ತುಂಬಾ ಇವೆ ಅಂತ ವೇಟಿಂಗ್ ಹಾಲ್‌ಗಳಲ್ಲಿ ಕೂತು ಕೂತು ನನಗೆ ಗೊತ್ತಾಗಿದೆ, ಅವರಿಗೋಸ್ಕರ ಬರೀತಿರೋದು.

ಮೊದಲನೇ ಸಲ ಬಂದಿದ್ದು 2022ರ ಜೂನ್, ಐದನೇ ತಿಂಗಳು. 14 ವಾರದ ಲಸಿಕೆ ಇಂಜೆಕ್ಷನ್ ನೆಗಡಿ ಇತ್ತು ಅಂತ ಮುಂದಕ್ಕೆ ಹಾಕಿ ಹಾಕಿ ಆವತ್ತು ಬೆಳಿಗ್ಗೆ ಕೊಡಿಸಿದ್ರು. ಸಾಯಂಕಾಲ ಮೈ ಬೆಚ್ಚಗಾಯ್ತು, 100.4 ಇತ್ತು ಅಷ್ಟೇ, ಏಳು ಗಂಟೆ ಹೊತ್ತಿಗೆ ಬಲಗೈ ಬಲಗಾಲು ಮಾತ್ರ ಒಂದೇ ಲಯದಲ್ಲಿ ಎಳೆಯೋಕೆ ಶುರು, ಎಡಗಡೆ ಸುಮ್ನೆ ಇದೆ, ಕಣ್ಣು ಒಂದು ಕಡೆಗೆ ಹೋಗಿ ನಿಂತಿದೆ. ಪಕ್ಕದ ಮನೆಯವ್ರು ಓಡಿ ಬಂದು ಕೈಗೆ ಬೀಗದ ಕೈ ಗೊಂಚಲು ಹಿಡಿಸಿದ್ರು, ಇನ್ನೊಬ್ರು ಈರುಳ್ಳಿ ಮೂಸಿಸಿದ್ರು, ನನ್ನ ತಂಗಿ ಗಂಡ ಆಟೋ ತರೋಕೆ ಓಡಿದ. ನಾಗರಭಾವಿಯಿಂದ ಮಾಗಡಿ ರೋಡ್ ಕಡೆಗೆ ಹತ್ತಿರದ ನರ್ಸಿಂಗ್ ಹೋಮ್ ತಲುಪಿ ಇಂಜೆಕ್ಷನ್ ಕೊಟ್ಟು ನಿಂತಾಗ 22 ನಿಮಿಷ ಆಗಿತ್ತು. "ಜ್ವರದ ಫಿಟ್ಸು, ತುಂಬಾ ಮಕ್ಕಳಿಗೆ ಬರುತ್ತೆ, ದೊಡ್ಡೋಳಾದ್ರೆ ಹೋಗುತ್ತೆ" ಅಂದ್ರು, ಮಾರನೇ ದಿನ ಮನೆಗೆ ಕಳ್ಸಿದ್ರು. ಆವತ್ತಿಂದ ನನ್ನ ತಂಗಿ ತಲೇಲಿ ಒಂದೇ ಮಾತು, ಆ ಲಸಿಕೆ ಇಂಜೆಕ್ಷನ್ ಕೊಡಿಸಬಾರ್ದಿತ್ತು.

ಎರಡನೇದು ಗೌರಿ ಹಬ್ಬದ ದಿನ. ಹಬ್ಬ ಅಂದ್ಮೇಲೆ ಎಣ್ಣೆ ನೀರು, ನಮ್ಮಮ್ಮನೇ ಕಾಲ ಮೇಲೆ ಮಲಗಿಸ್ಕೊಂಡು ಹರಳೆಣ್ಣೆ ತಿಕ್ಕಿ ಹಂಡೆ ನೀರು ಹಾಕ್ತಿದ್ರು, ತಲೆ ಮೇಲೆ ನಾಲ್ಕನೇ ಚೊಂಬೋ ಐದನೇ ಚೊಂಬೋ, ಮಗು ಅಳೋದು ಟಕ್ ಅಂತ ನಿಂತೋಯ್ತು. ಈ ಸಲ ಎಡಗಡೆ. ಜ್ವರ ಇರ್ಲಿಲ್ಲ. 12 ನಿಮಿಷ. ಬೇರೆ ಆಸ್ಪತ್ರೆ, ಬೇರೆ ಡಾಕ್ಟ್ರು, ಅವ್ರು ಬಿಸಿನೀರಿನ ಮೂರ್ಛೆ ಇರಬೋದು ಅಂದ್ರು. ಇದನ್ನ ನಾನು ತಪ್ಪು ಅಂತ ಹೇಳಲ್ಲ. ಹಳೇ ಮೈಸೂರು ಕಡೆ ಇದು ನಿಜವಾಗ್ಲೂ ಜಾಸ್ತಿ ಇರೋ ಕಾಯಿಲೆ, ನಿಮ್ಹಾನ್ಸ್‌ನವ್ರು ಎಷ್ಟೋ ದಶಕದಿಂದ ಇದರ ಮೇಲೆ ಕೆಲಸ ಮಾಡಿದಾರೆ, ಕುದಿಯೋ ಹಾಗಿರೋ ನೀರನ್ನ ಚೊಂಬು ಮೇಲೆ ಚೊಂಬು ತಲೆ ಮೇಲೆ ಸುರಿಯೋ ನಮ್ಮ ಅಭ್ಯಾಸಕ್ಕೂ ಅದಕ್ಕೂ ಸಂಬಂಧ ಇದೆ, ನೀರಿನ ಬಿಸಿ ಕಮ್ಮಿ ಮಾಡಿದ್ರೆ ಎಷ್ಟೋ ಜನಕ್ಕೆ ನಿಂತೇ ಹೋಗುತ್ತೆ. ಆದ್ರೆ ಅಷ್ಟು ಹೇಳಿ ಅವ್ರು ಜೂನ್ ತಿಂಗಳ ಚೀಟಿ ನೋಡ್ಲಿಲ್ಲ, ನಾವೂ ತೋರಿಸ್ಲಿಲ್ಲ, ಗಾಬರಿಲಿ ಅದು ಮನೇಲೇ ಉಳಿದಿತ್ತು. ನಮ್ಮಮ್ಮ ಆವತ್ತಿಂದ ಮಗು ಸ್ನಾನದ ಹತ್ರಾನೇ ಹೋಗ್ಲಿಲ್ಲ, ತಿಂಗಳುಗಟ್ಲೆ.

ಮೂರನೇದು ಅಕ್ಟೋಬರ್, ವೈರಲ್ ಜ್ವರ, ಮತ್ತೆ ಎಡಗಡೆ, 45 ನಿಮಿಷ, ಐಸಿಯು. ಅಲ್ಲಿ ಮಿದುಳಿನ ಎಂಆರ್‌ಐ ಸ್ಕ್ಯಾನ್ ಆಯ್ತು, ಮಿದುಳಿನ ಕರೆಂಟ್ ನೋಡೋ ಇಇಜಿ ಆಯ್ತು, ಎರಡೂ ನಾರ್ಮಲ್. ನಾರ್ಮಲ್ ಅನ್ನೋ ಪದ ನೋಡಿ ನಾವು ಕೈಮುಗಿದ್ವಿ, ಈಗ ಹಿಂತಿರುಗಿ ನೋಡಿದ್ರೆ ಆ ನಾರ್ಮಲ್ಲೇ ನಮ್ಮನ್ನ ಇನ್ನೊಂದು ಹತ್ತು ತಿಂಗಳು ಸುಮ್ನೆ ಕೂರಿಸ್ತು ಅನ್ಸುತ್ತೆ. ಫಿಟ್ಸ್ ತಡೆಯೋ ಲೆವೆಟಿರಾಸಿಟಮ್ ಸಿರಪ್ ಶುರು ಮಾಡಿದ್ರು. ಡಿಸೆಂಬರಲ್ಲಿ ಬಲಗಡೆ, 2023ರ ಫೆಬ್ರವರಿಲಿ ಎಡಗಡೆ, ಮಾರ್ಚಲ್ಲಿ ಬಲಗಡೆ, ಈ ಮಾರ್ಚಿಂದು ಜ್ವರಾನೇ ಇಲ್ದೆ.

ಇಷ್ಟೊತ್ತಿಗೆ ಆರು ಫಿಟ್ಸು, ನಾಲ್ಕು ಆಸ್ಪತ್ರೆ. ಯಾರೋ ಡಾಕ್ಟ್ರು ಬೇಜವಾಬ್ದಾರಿ ಮಾಡಿದ್ರು ಅಂತ ನಾನು ಹೇಳ್ತಿಲ್ಲ, ಒಬ್ಬೊಬ್ರೂ ತಮ್ಮ ಮುಂದೆ ಇದ್ದ ಒಂದು ಫಿಟ್ಸನ್ನ ಸರಿಯಾಗೇ ನೋಡಿದ್ರು, ನಿಲ್ಲಿಸಿದ್ರು, ಮಗು ಜೀವ ಉಳಿಸಿದ್ರು. ಆದ್ರೆ ಆರನ್ನೂ ಒಟ್ಟಿಗೆ ನೋಡಿದೋರು ಒಬ್ರೂ ಇಲ್ಲ. ಕ್ಯಾಶುವಾಲ್ಟಿಗೆ ಓಡೋವಾಗ ಯಾವುದು ಹತ್ರಾನೋ ಅಲ್ಲಿಗೆ ಓಡ್ತೀವಿ, ಟ್ರಾಫಿಕ್ ಹೆಂಗಿದೆಯೋ ಹಂಗೆ, ರಾತ್ರಿ ಆದ್ರೆ ಒಂದು ಕಡೆ ಹಗಲಾದ್ರೆ ಇನ್ನೊಂದು ಕಡೆ. ಪ್ರತಿ ಸಲ ಹೊಸ ಫೈಲು, ಹೊಸ ನಂಬರು, "ಮೊದ್ಲು ಯಾವಾಗಾದ್ರೂ ಬಂದಿತ್ತಾ?" "ಬಂದಿತ್ತು ಸರ್, ಜ್ವರಕ್ಕೆ." ಅಲ್ಲಿಗೆ ಮುಗೀತು. ಜ್ವರದ ಫಿಟ್ಸು ನೂರಕ್ಕೆ ಎರಡರಿಂದ ಐದು ಮಕ್ಕಳಿಗೆ ಬರುತ್ತಂತೆ, ಬಹುಪಾಲು ಏನೂ ತೊಂದ್ರೆ ಇಲ್ದೇ ಐದಾರು ವರ್ಷಕ್ಕೆ ನಿಂತೋಗುತ್ತೆ, ಆದ್ರಿಂದ ಆ ಮಾತು ಹೇಳಿದೋರದ್ದು ತಪ್ಪಿಲ್ಲ. ಆದ್ರೆ ಸಾಮಾನ್ಯ ಜ್ವರದ ಫಿಟ್ಸು ಅಂದ್ರೆ ಎರಡೂ ಕಡೆ ಬರ್ಬೇಕು, 15 ನಿಮಿಷದೊಳಗೆ ನಿಲ್ಬೇಕು, ಒಂದು ದಿನದಲ್ಲಿ ಎರಡನೇ ಸಲ ಬರಬಾರ್ದು. ನಮ್ಮ ಚಿನ್ನುದು ಮೊದಲನೇ ದಿನಾನೇ ಒಂದು ಕಡೆ ಮಾತ್ರ, 22 ನಿಮಿಷ, ಇದು ಡಿಸ್ಚಾರ್ಜ್ ಸಮ್ಮರಿಲೇ ಟೈಪ್ ಆಗಿದೆ, ನಾನು ಓದಿದೀನಿ, ಓದಿ ಮಡಚಿ ಇಟ್ಟಿದೀನಿ. ಇದು ಗೊತ್ತಿದ್ದಿದ್ರೆ ಆವತ್ತೇ ಮಕ್ಕಳ ನ್ಯೂರಾಲಜಿಯವರನ್ನ, ಅಂದ್ರೆ ಮಕ್ಕಳ ಮಿದುಳು ನರದ ಕಾಯಿಲೆ ನೋಡೋರನ್ನ ಹುಡುಕ್ತಿದ್ವಿ.

ಆರನೇದಾದ್ಮೇಲೆ ಒಬ್ರು ನೆಂಟರು "ದೊಡ್ಡ ನ್ಯೂರೋ ಡಾಕ್ಟ್ರು ಗೊತ್ತು" ಅಂತ ಅಪಾಯಿಂಟ್‌ಮೆಂಟ್ ಕೊಡಿಸಿದ್ರು, ಎರಡು ಗಂಟೆ ಕಾದು ಒಳಗೆ ಹೋದ್ರೆ ಅವ್ರು ನ್ಯೂರೋಸರ್ಜನ್, ಆಪರೇಷನ್ ಮಾಡೋರು. ಪಾಪ ಅವ್ರೇ ಫೀಸ್ ವಾಪಸ್ ಕೊಡಿಸಿ ಇದು ನಂದಲ್ಲಮ್ಮ ಅಂದ್ರು. ಆಮೇಲೆ ಇನ್ನೊಂದು ಕಡೆ ದೊಡ್ಡೋರನ್ನ ನೋಡೋ ನ್ಯೂರಾಲಜಿಸ್ಟು, ಒಳ್ಳೆ ಹೆಸರಿರೋರು. ಅವ್ರು ನಾವು ಹೇಳಿದ್ದನ್ನ ಕೇಳಿ ಒಂದು ಕಡೆ ಬರೋ ಫಿಟ್ಸು ಅಂದ್ರೆ ಫೋಕಲ್, ಮಿದುಳಿನ ಒಂದು ಜಾಗದಿಂದ ಶುರುವಾಗೋದು, ಅದಕ್ಕೆ ಆಕ್ಸ್‌ಕಾರ್ಬಜೆಪಿನ್ ಒಳ್ಳೆ ಔಷಧಿ ಅಂತ 2023ರ ಏಪ್ರಿಲಲ್ಲಿ ಶುರು ಮಾಡಿದ್ರು. ದೊಡ್ಡೋರಿಗೆ, ಎಷ್ಟೋ ಮಕ್ಕಳಿಗೂ, ಅದು ಸರಿಯಾದ ಲೆಕ್ಕಾನೇ. ಚಿನ್ನುಗೆ ಅಲ್ಲ. ಅಲ್ಲೀವರೆಗೆ ಒಂದೂವರೆ ಎರಡು ತಿಂಗಳಿಗೊಂದು ಬರ್ತಿದ್ದಿದ್ದು ಆಮೇಲಿನ ಮೂರು ತಿಂಗಳಲ್ಲಿ ಐದು. ಜೊತೆಗೆ ಬೆಳಿಗ್ಗೆ ಎದ್ದ ತಕ್ಷಣ ಭುಜ ಜುಮ್ ಅಂತ ಎಗರೋದು, ಕೈಲಿರೋ ಬಿಸ್ಕತ್ತು ದೂರ ಹೋಗಿ ಬೀಳೋದು, ಇದು ಹೊಸದು. ನಾವು ಫೋನ್ ಮಾಡಿ ಕೇಳಿದ್ವಿ, ಡೋಸ್ ಸಾಲ್ತಿಲ್ಲ ಅಂತ ಜಾಸ್ತಿ ಮಾಡಿದ್ರು.

ಈ ಮೂರು ತಿಂಗಳಲ್ಲಿ ಮನೆ ಹೆಂಗಿತ್ತು ಅಂತ ಬರೆಯೋಕೂ ಕಷ್ಟ. ತಂಗಿ ಇಂಜೆಕ್ಷನ್ ಅಂತಾಳೆ, ನಮ್ಮಮ್ಮ ನಾನು ಹಾಕಿದ ನೀರು ಅಂತಾರೆ, ಊರಿಂದ ಬಂದೋರು ಬಾಲಗ್ರಹ ಅಂತ ತಾಯಿತ ಕಟ್ಟಿಸಿದ್ರು, ತಂಗಿ ಗಂಡನ ಆಫೀಸಲ್ಲಿ ಯಾರೋ ರಕ್ತಸಂಬಂಧದಲ್ಲಿ ಮದ್ವೆ ಆದ್ರೆ ಹಿಂಗೇ ಅಂದ್ರಂತೆ, ಅವನು ಆವತ್ತು ಮನೆಗೆ ಬಂದು ಊಟ ಮಾಡ್ಲಿಲ್ಲ. ಎಲ್ರ ಕೈಲೂ ಒಂದೊಂದು ಕಾರಣ, ಒಂದೂ ಕಾಯಿಲೆ ಹೆಸರಲ್ಲ.

ದಾರಿ ತೋರಿಸಿದ್ದು ಒಬ್ಳು ಪಿಜಿ ಡಾಕ್ಟ್ರು, ಇನ್ನೂ ಸ್ಪೆಷಲಿಸ್ಟ್ ಓದು ಓದ್ತಿರೋಳು. ಹತ್ತನೇ ಫಿಟ್ಸು, ಜೂನ್ ಕೊನೆ, ರಾತ್ರಿ ಮೂರು ಗಂಟೆ. ಚಿನ್ನು ಆಕ್ಸಿಜನ್ ಮಾಸ್ಕ್ ಹಾಕ್ಕೊಂಡು ನಿದ್ದೆ ಮಾಡ್ತಿದ್ಳು, ಆ ಹುಡುಗಿ ಡ್ರಿಪ್ ಸರಿ ಮಾಡ್ತಾ ಮೆಲ್ಲಗೆ ಕೇಳಿದ್ಳು, "ಮೇಡಂ, ಮಕ್ಕಳ ನ್ಯೂರಾಲಜಿಯವರಿಗೆ ತೋರ್ಸಿದೀರಾ? ದೊಡ್ಡೋರ ನ್ಯೂರಾಲಜಿ ಬೇರೆ ಮೇಡಂ. ಎಲ್ಲ ಫಿಟ್ಸೂ ಒಂದು ಪೇಪರಲ್ಲಿ ಬರ್ಕೊಂಡು ಹೋಗಿ, ಕೈಕಾಲು ಎಳೆಯೋದು ಫೋನಲ್ಲಿ ವಿಡಿಯೋ ಇದ್ರೆ ತಗೊಂಡೋಗಿ." ಅಷ್ಟೇ, ಹೋಗ್ಬಿಟ್ಳು. ಅವಳ ಹೆಸರೂ ನಂಗೆ ಗೊತ್ತಿಲ್ಲ.

ಆಗ ನಾನು ಕೂತು ಹುಡುಕಿದೆ, ಬೋರ್ಡ್ ಮೇಲೆ ಏನಿದೆ ಅಂತ ಓದೋದನ್ನ ಕಲಿತೆ. ಮಕ್ಕಳ ನ್ಯೂರಾಲಜಿಸ್ಟ್ ಅಂದ್ರೆ ಸಾಮಾನ್ಯವಾಗಿ ಎಂಬಿಬಿಎಸ್ ಆದ್ಮೇಲೆ ಮಕ್ಕಳ ವಿಭಾಗದಲ್ಲಿ ಎಂಡಿ ಅಥವಾ ಅದಕ್ಕೆ ಸಮದ ಡಿಎನ್‌ಬಿ, ಅದಾದ್ಮೇಲೆ ಮಕ್ಕಳ ನ್ಯೂರಾಲಜಿಲಿ ಡಿಎಂ ಅನ್ನೋ ಸೂಪರ್ ಸ್ಪೆಷಾಲಿಟಿ ಡಿಗ್ರಿ ಅಥವಾ ಫೆಲೋಶಿಪ್. ಡೆವಲಪ್‌ಮೆಂಟಲ್ ಪೀಡಿಯಾಟ್ರಿಷಿಯನ್ ಅಂದ್ರೆ ಮಾತು, ನಡಿಗೆ, ಕಲಿಕೆ ತಡ ಆದಾಗ ನೋಡೋರು, ಅವ್ರೂ ಬೇಕಾಗ್ತಾರೆ, ಆದ್ರೆ ಫಿಟ್ಸಿಗೆ ಮೊದಲು ಅವರಲ್ಲ. ಮೆಡಿಕಲ್ ಜೆನೆಟಿಸಿಸ್ಟ್ ಮತ್ತೆ ಬೇರೆ, ಜೀನ್‌ನಿಂದ ಬರೋ ಕಾಯಿಲೆ ನೋಡೋ ಡಾಕ್ಟ್ರು, ಅದ್ರಲ್ಲಿ ಡಿಎಂ ಮಾಡಿರೋರು ಇಡೀ ದೇಶದಲ್ಲೇ ಕಮ್ಮಿ. ಜೆನೆಟಿಕ್ ಕೌನ್ಸೆಲರ್ ಅಂದ್ರೆ ರಿಪೋರ್ಟ್ ಅರ್ಥ ಮಾಡಿಸೋರು, ಔಷಧಿ ಬರೆಯೋರಲ್ಲ. ಇನ್ನು "ಚೈಲ್ಡ್ ಡೆವಲಪ್‌ಮೆಂಟ್ ಸೆಂಟರ್" ಅಂತ ಬೋರ್ಡ್ ಇರೋ ಕಡೆ ಎಷ್ಟೋ ಸಲ ಥೆರಪಿ ಮಾತ್ರ ಇರುತ್ತೆ, ನಾವು ಒಂದು ಕಡೆ ಹೋಗಿ ಆರು ತಿಂಗಳ ಪ್ಯಾಕೇಜಿಗೆ ದುಡ್ಡು ಕಟ್ಟೋ ಹಂತಕ್ಕೆ ಬಂದಿದ್ವಿ, ಕಾಯಿಲೆ ಏನು ಅಂತಾನೇ ಗೊತ್ತಿಲ್ದೆ.

ಈ ಒಂದು ವಿಷಯದಲ್ಲಿ ಬೆಂಗಳೂರಲ್ಲಿರೋದು ನಮ್ಮ ಪುಣ್ಯ. ಹೊಸೂರು ರಸ್ತೆ ಕಡೆ ನಿಮ್ಹಾನ್ಸ್, ಅದರ ಪಕ್ಕದಲ್ಲೇ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ, ಕೋರಮಂಗಲದಲ್ಲಿ ಸೇಂಟ್ ಜಾನ್ಸ್, ಎಲೆಕ್ಟ್ರಾನಿಕ್ ಸಿಟಿಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಇದಲ್ದೆ ಪ್ರೈವೇಟ್ ಆಸ್ಪತ್ರೆಗಳಲ್ಲಿ ಮಕ್ಕಳ ನ್ಯೂರಾಲಜಿ ಓಪಿಡಿಗಳು. ಅಪರೂಪದ ಕಾಯಿಲೆಗಳಿಗೆ ಅಂತ ಕೇಂದ್ರ ಸರ್ಕಾರ 2021ರ ಮಾರ್ಚಲ್ಲಿ ಒಂದು ನೀತಿ ತಂತಲ್ಲ, ಅದ್ರಲ್ಲಿ ಮೊದಲು ಗುರುತಿಸಿದ 8 ಸೆಂಟರ್ ಆಫ್ ಎಕ್ಸಲೆನ್ಸ್‌ಗಳಲ್ಲಿ ಒಂದು ಇಲ್ಲಿಂದೇ, ಈ ಹ್ಯೂಮನ್ ಜೆನೆಟಿಕ್ಸ್ ಸೆಂಟರ್ ಮತ್ತು ಇಂದಿರಾಗಾಂಧಿ ಆಸ್ಪತ್ರೆ ಸೇರಿ. ಆ ನೀತಿ ಪಟ್ಟಿಲಿರೋ ಕಾಯಿಲೆಗಳಿಗೆ ಇಂಥ ಸೆಂಟರ್ ಮೂಲಕ ಹೋದ್ರೆ 50 ಲಕ್ಷದವರೆಗೆ ನೆರವು ಅಂತ 2022ರಲ್ಲಿ ಮಾಡಿದ್ರು, ಮೊದಲು 20 ಲಕ್ಷ ಇತ್ತು. ಬಳ್ಳಾರಿಯಿಂದ, ಕಲಬುರಗಿಯಿಂದ ರಾತ್ರಿ ಬಸ್ಸಲ್ಲಿ ಮಗು ಎತ್ಕೊಂಡು ಬಂದು ಫುಟ್‌ಪಾತಲ್ಲಿ ಬೆಳಗಾಗೋದನ್ನ ಕಾಯೋರನ್ನ ನೋಡಿದೀನಿ. ನಾವು ಒಂದೂವರೆ ಗಂಟೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿಗೆ ಬೈಕೊಳ್ಳೋರು ಅವರ ಮುಂದೆ ಏನು ಹೇಳೋಣ.

ನಾವು ಕೊನೆಗೆ ಯಾರಿಗೆ ತೋರಿಸಿದ್ವಿ ಅಂತ ಬೇಕಂತಾನೇ ಬರೀತಿಲ್ಲ. ಬರೆದ್ರೆ ಎಲ್ರೂ ಆ ಒಬ್ರ ಬಾಗಿಲಿಗೇ ಹೋಗ್ತಾರೆ, ಅಲ್ಲಿ ಎರಡು ತಿಂಗಳು ಡೇಟ್ ಸಿಗಲ್ಲ, ಆ ಎರಡು ತಿಂಗಳು ಮಗು ತಪ್ಪು ಔಷಧಿಲೇ ಇರುತ್ತೆ. ಮಕ್ಕಳ ನ್ಯೂರಾಲಜಿ ಓದಿರೋ ಯಾರು ಬೇಗ ಸಿಗ್ತಾರೋ ಅವ್ರಿಗೆ ಮೊದಲು ತೋರಿಸಿ. ನಮಗೆ ಸಿಕ್ಕಿದ್ದೂ ಹಂಗೇ, ಚಿನ್ನುಗೆ ಇಂಜೆಕ್ಷನ್ ಕೊಡ್ತಿದ್ದ ಬಡಾವಣೆ ಮಕ್ಕಳ ಡಾಕ್ಟ್ರ ಹತ್ರ ಹೋಗಿ "ಸರ್, ಮಕ್ಕಳ ನ್ಯೂರಾಲಜಿಸ್ಟ್‌ಗೇ ಒಂದು ರೆಫರೆನ್ಸ್ ಲೆಟರ್ ಬೇಕು" ಅಂತ ನೇರ ಕೇಳಿದೆ, ಬೇಜಾರ್ ಮಾಡ್ಕೋತಾರೇನೋ ಅಂತ ಅಷ್ಟು ದಿನ ಕೇಳಿರ್ಲಿಲ್ಲ. ಅವ್ರು ಬೇಜಾರೇ ಮಾಡ್ಕೊಳ್ಳಿಲ್ಲ, ತಾವೇ ಫೋನ್ ಮಾಡಿ ಎಂಟು ದಿನಕ್ಕೆ ಡೇಟ್ ಕೊಡಿಸಿದ್ರು.

ಹಾಳೆ ವಿಷಯಕ್ಕೆ ಬರ್ತೀನಿ. ನಂಗೆ ಲೆಡ್ಜರ್ ಬರೆಯೋದು ಗೊತ್ತು, ಹಂಗೇ ಬರೆದೆ. ಒಂದೇ ಹಾಳೆ, ಅಡ್ಡಡ್ಡ. ತಾರೀಖು, ಆಗ ಮಗುಗೆ ಎಷ್ಟು ತಿಂಗಳು, ಎಷ್ಟು ಗಂಟೆಗೆ, ಜ್ವರ ಎಷ್ಟಿತ್ತು, ಯಾವ ಕಡೆ, ಎಷ್ಟು ನಿಮಿಷ, ಯಾವ ಔಷಧಿಗೆ ನಿಂತಿತು, ಅದಕ್ಕಿಂತ ಸ್ವಲ್ಪ ಮುಂಚೆ ಏನಾಗಿತ್ತು. ಜುಲೈದೂ ಸೇರಿ ಹನ್ನೊಂದು ಸಾಲು. ಹಳೇ ಡಿಸ್ಚಾರ್ಜ್ ಚೀಟಿ, ಮೆಡಿಕಲ್ ಬಿಲ್ಲು, ವಾಟ್ಸಾಪಲ್ಲಿ ತಂಗಿ ಹಾಕಿದ್ದ "ಮತ್ತೆ ಬಂತು ಅಕ್ಕ" ಮೆಸೇಜಿನ ಟೈಮು, ಇವೆಲ್ಲ ಹೊಂದಿಸಿ ಬರೆಯೋಕೆ ಎರಡು ರಾತ್ರಿ ಬೇಕಾಯ್ತು. ಕೆಳಗೆ ಒಂದು ಸಾಲಲ್ಲಿ ಯಾವ ಔಷಧಿ ಯಾವ ದಿನದಿಂದ, ಎಷ್ಟು ಎಂಎಲ್.

2023ರ ಆಗಸ್ಟ್, ಚಿನ್ನುಗೆ 19 ತಿಂಗಳು. ಡಾಕ್ಟ್ರು ಐವತ್ತರ ಆಸುಪಾಸಿನ ಹೆಂಗಸು. ದಪ್ಪ ಫೈಲ್ ಮುಂದೆ ಇಟ್ಟೆ, ಅದನ್ನ ಪಕ್ಕಕ್ಕೆ ಸರಿಸಿ ಹಾಳೆ ತಗೊಂಡ್ರು. ತೋರುಬೆರಳನ್ನ "ಯಾವ ಕಡೆ" ಅನ್ನೋ ಕಾಲಮ್ಮಿನ ಮೇಲಿಟ್ಟು ಮೆಲ್ಲಗೆ ಕೆಳಗಿಳಿಸ್ತಾ ಜೋರಾಗಿ ಓದಿದ್ರು, ಬಲ, ಎಡ, ಎಡ, ಬಲ, ಎಡ, ಬಲ. ನಿಲ್ಲಿಸಿದ್ರು. ಆಮೇಲೆ ನಿಮಿಷದ ಕಾಲಮ್ಮು. ಆಮೇಲೆ ಜ್ವರದ್ದು, 100.4ರ ಮೇಲೆ ಬೆರಳಿಟ್ಟು "ಇಷ್ಟೇನಾ?" ಅಂದ್ರು. "ಹಬ್ಬದ ದಿನದ್ದು ಸ್ನಾನ ಮಾಡಿಸ್ತಾ ಇದ್ದಾಗಲೋ, ಆದ್ಮೇಲೋ?" ನಮ್ಮಮ್ಮ ತಲೆ ತಗ್ಗಿಸಿ ಮಾಡಿಸ್ತಾ ಇದ್ದಾಗ ಅಂದ್ರು. ಕೊನೆಗೆ ಕೆಳಗಿನ ಔಷಧಿ ಸಾಲು ನೋಡಿ, ಜೇಬಿಂದ ಪೆನ್ ತೆಗೆದು, ಆರನೇ ಸಾಲಿಗೂ ಏಳನೇ ಸಾಲಿಗೂ ಮಧ್ಯೆ ಒಂದು ಗೆರೆ ಎಳೆದ್ರು, ಹಾಳೆ ಆ ಕೊನೆಯಿಂದ ಈ ಕೊನೆವರೆಗೂ. ಆಕ್ಸ್‌ಕಾರ್ಬಜೆಪಿನ್ ಶುರುವಾದ ಜಾಗ. ಗೆರೆ ಮೇಲೆ ಹತ್ತು ತಿಂಗಳಿಗೆ ಆರು, ಕೆಳಗೆ ಮೂರು ತಿಂಗಳಿಗೆ ಐದು. ಹಾಳೆ ಬರೆದೋಳು ನಾನು, ದಿನಾ ಲೆಕ್ಕ ನೋಡೋಳು ನಾನು, ನಂಗೆ ಅದು ಕಂಡಿರ್ಲಿಲ್ಲ.

ಅವ್ರು ಆವತ್ತೇ ಹೆಸರು ಹೇಳಿದ್ರು, ಡ್ರಾವೆ ಸಿಂಡ್ರೋಮ್ ಇರೋ ಸಾಧ್ಯತೆ ಜಾಸ್ತಿ ಅಂತ. 1978ರಲ್ಲಿ ಶಾರ್ಲೆಟ್ ಡ್ರಾವೆ ಅನ್ನೋ ಫ್ರಾನ್ಸಿನ ಡಾಕ್ಟ್ರು ಗುರುತಿಸಿದ್ದು, 2001ರಲ್ಲಿ ಅದರ ಹಿಂದಿರೋ ಜೀನ್ ಸಿಕ್ತು, ಎಸ್‌ಸಿಎನ್1ಎ ಅಂತ. ಹುಟ್ಟಿದ ಮೊದಲ ವರ್ಷದೊಳಗೆ ಆರೋಗ್ಯವಾಗಿರೋ ಮಗುಗೆ ಶುರುವಾಗುತ್ತೆ, ಒಂದ್ಸಲ ಈ ಕಡೆ ಒಂದ್ಸಲ ಆ ಕಡೆ, ತುಂಬಾ ಹೊತ್ತು, ಸ್ವಲ್ಪ ಮೈ ಬಿಸಿ ಆದ್ರೂ ಸಾಕು, ಜ್ವರ ಆಗ್ಲಿ ಇಂಜೆಕ್ಷನ್ ಆದ್ಮೇಲಿನ ಬಿಸಿ ಆಗ್ಲಿ ಬಿಸಿನೀರಾಗ್ಲಿ. ಮೊದಮೊದಲು ಎಂಆರ್‌ಐ, ಇಇಜಿ ನಾರ್ಮಲ್ಲೇ ಇರುತ್ತೆ. ಅಂದ್ರೆ ನಮ್ಮನೇಲಿ ಒಬ್ಬೊಬ್ರು ಹಿಡ್ಕೊಂಡು ಅಳ್ತಿದ್ದ ಇಂಜೆಕ್ಷನ್ನು, ಹಬ್ಬದ ನೀರು, ವೈರಲ್ ಜ್ವರ, ಎಲ್ಲ ಒಂದೇ ಬಾಗಿಲು ತಟ್ಟಿದ್ದು.

ಔಷಧಿ ಯಾಕೆ ತಿರುಗುಬಾಣ ಆಯ್ತು ಅಂತ ಅವ್ರು ಹೇಳಿದ ರೀತಿ ನಂಗೆ ಇವತ್ತಿಗೂ ನೆನಪಿದೆ. ಮಿದುಳಲ್ಲಿ ಓಡು ಅನ್ನೋ ನರಕೋಶಾನೂ ಇರುತ್ತೆ, ನಿಲ್ಲು ಅನ್ನೋ ನರಕೋಶಾನೂ ಇರುತ್ತೆ. ಈ ಜೀನ್ ಮಾಡೋ ಸೋಡಿಯಂ ಚಾನೆಲ್ ಅನ್ನೋ ನರಕೋಶದ ಬಾಗಿಲು ನಿಲ್ಲು ಅನ್ನೋದರಲ್ಲಿ ಜಾಸ್ತಿ ಕೆಲಸ ಮಾಡುತ್ತೆ, ಈ ಮಕ್ಕಳಲ್ಲಿ ಅದು ಮೊದ್ಲೇ ಅರ್ಧ. ಆಕ್ಸ್‌ಕಾರ್ಬಜೆಪಿನ್, ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್ ಇವೆಲ್ಲ ಸೋಡಿಯಂ ಚಾನೆಲನ್ನ ತಡೆಯೋ ಔಷಧಿ, ಬೇರೆಯವ್ರಲ್ಲಿ ಓಟ ನಿಲ್ಲಿಸುತ್ತೆ, ಇವ್ರಲ್ಲಿ ಉಳಿದಿರೋ ಅರ್ಧ ಬ್ರೇಕನ್ನೂ ಹಿಡ್ಕೊಂಡ್ಬಿಡುತ್ತೆ. ಟೆಸ್ಟ್ ರಿಪೋರ್ಟಿಗೆ ಕಾಯದೇ ಆವತ್ತಿಂದಾನೇ ಅದನ್ನ ಹಂತಹಂತವಾಗಿ ಇಳಿಸೋಕೆ ಬರೆದ್ರು, ಒಂದೇ ದಿನಕ್ಕೆ ನಿಲ್ಲಿಸಬಾರ್ದು ಅಂತ ಎರಡು ಸಲ ಹೇಳಿದ್ರು. ಕ್ಲೋಬಜಾಮ್ ಅನ್ನೋ ಬೇರೆ ಫಿಟ್ಸ್ ಔಷಧಿ ಕೊಟ್ರು. ವಾಲ್‌ಪ್ರೋಯೇಟ್ ಎರಡು ವರ್ಷದೊಳಗಿನ ಮಕ್ಕಳಿಗೆ ಲಿವರ್ ತೊಂದ್ರೆ ಮಾಡಬೋದು ಅಂತ ಮೊದ್ಲು ರಕ್ತ ಪರೀಕ್ಷೆ ಮಾಡ್ಸಿ, ಯೋಚನೆ ಮಾಡಿ, ಕಮ್ಮಿ ಡೋಸಿಂದ ಶುರು ಮಾಡಿದ್ರು. ಮೂಗಿಗೆ ಹಾಕೋ ಮಿಡಜೋಲಾಮ್ ಸ್ಪ್ರೇ, ತೂಕ ನೋಡಿ ಎಷ್ಟು ಪಫ್ ಅಂತ ಬರೆದು, ಐದು ನಿಮಿಷ ಆದ್ರೂ ನಿಲ್ಲದಿದ್ರೆ ಹಾಕಿ ಆಸ್ಪತ್ರೆಗೆ ಹೊರಡಿ ಅಂದ್ರು. ಹದಿನಾಲ್ಕು ತಿಂಗಳಲ್ಲಿ ಮನೇಲೇ ಇಟ್ಕೊಳ್ಳೋ ಔಷಧಿ ಒಂದಿದೆ ಅಂತ ನಮಗೆ ಹೇಳಿದ ಮೊದಲನೇ ಡಾಕ್ಟ್ರು ಇವರು. ಬೀಗದ ಕೈ, ಈರುಳ್ಳಿ, ಬಾಯಿಗೆ ಚಮಚ ಇಡೋದು ಏನೂ ಬೇಡ, ಎಡಮಗ್ಗುಲಿಗೆ ಮಲಗಿಸಿ ಗಡಿಯಾರ ನೋಡಿ.

ಜೀನ್ ಟೆಸ್ಟ್ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಇಲ್ಲಿ ದುಡ್ಡು ಕಳ್ಕೊಳ್ಳೋರು ತುಂಬಾ. ನಮಗೂ ಮೊದ್ಲೇ ಒಬ್ರು ಹೇಳಿದ್ರು, ಬೆಂಗಳೂರಲ್ಲೇ ಲ್ಯಾಬ್ ಇದೆ, ಡಾಕ್ಟ್ರೆಲ್ಲಾ ಯಾಕೆ, ನೇರ ರಕ್ತ ಕೊಟ್ಬಿಡಿ ಅಂತ. ಲ್ಯಾಬ್ ಇರೋದು ನಿಜ, ದೇಶದ ದೊಡ್ಡ ಜೆನೆಟಿಕ್ ಲ್ಯಾಬ್‌ಗಳಲ್ಲಿ ಕೆಲವು ಇಲ್ಲೇ ಇವೆ. ಆದ್ರೆ ಎಕ್ಸೋಮ್ ಅಂದ್ರೆ ಸುಮಾರು 20,000 ಜೀನ್‌ಗಳ ಮುಖ್ಯ ಭಾಗ ಓದೋದು, ಎಲ್ರಲ್ಲೂ ಸಾವಿರಾರು ಬದಲಾವಣೆ ಇರುತ್ತೆ, ಯಾವುದನ್ನ ನೋಡ್ಬೇಕು ಅಂತ ಗೊತ್ತಾಗೋದು ಡಾಕ್ಟ್ರು ಫಾರ್ಮಲ್ಲಿ ಬರೆದ ಲಕ್ಷಣದಿಂದ. ವೇಟಿಂಗ್ ಹಾಲಲ್ಲಿ ಸಿಕ್ಕ ಒಬ್ಬ ತಾಯಿ ಫಾರ್ಮಲ್ಲಿ ಬರೀ "ಫಿಟ್ಸ್" ಅಂತ ಬರೆಸಿ ಟೆಸ್ಟ್ ಮಾಡಿಸಿದ್ರು, ಅರ್ಥ ಖಚಿತ ಇಲ್ಲದ ಬದಲಾವಣೆ ಅಂತ ರಿಪೋರ್ಟ್ ಬಂತು, ಲ್ಯಾಬಿನವ್ರು ಇದನ್ನ ವಿಯುಎಸ್ ಅಂತಾರೆ, ಆಯಮ್ಮ ಅದನ್ನೇ ಕಾಯಿಲೆ ಅಂತ ತಿಳ್ಕೊಂಡು ಒಂದು ವರ್ಷ ಅತ್ತಿದಾರೆ. ಇನ್ನೊಂದು, ಎಕ್ಸೋಮಲ್ಲಿ ಎಲ್ಲಾ ಸಿಗಲ್ಲ. ಫ್ರಜೈಲ್ ಎಕ್ಸ್‌ಗೆ ಬೇರೆ ಟೆಸ್ಟು, ಮಾಂಸಖಂಡದ ಡುಶೇನ್ ಕಾಯಿಲೆಗೆ ಮೊದ್ಲು ಎಂಎಲ್‌ಪಿಎ ಅನ್ನೋ ಟೆಸ್ಟು, ಕ್ರೋಮೋಸೋಮಿನ ತುಂಡು ಹೆಚ್ಚುಕಮ್ಮಿ ಆಗಿರೋದಕ್ಕೆ ಮೈಕ್ರೊಅರೇ ಅನ್ನೋ ಇನ್ನೊಂದು. ಯಾವುದು ಅಂತ ಆರಿಸೋದೇ ಸ್ಪೆಷಲಿಸ್ಟ್ ಕೆಲಸ, ಅದಕ್ಕೇ ಅವ್ರನ್ನ ಹುಡುಕ್ಬೇಕಾಗಿರೋದು.

ಚಿನ್ನು ರಕ್ತ ನೇರಳೆ ಮುಚ್ಚಳದ ಟ್ಯೂಬಲ್ಲಿ ಹೋಯ್ತು, ಎರಡು ಎಂಎಲ್ ಇರಬೇಕು, ಅವಳು ಅತ್ತಿದ್ದು ಟ್ಯೂಬಿಗಲ್ಲ, ಕೈ ಹಿಡ್ಕೊಂಡಿದ್ದಕ್ಕೆ. ಐದು ವಾರ ಆಯ್ತು. ಎಸ್‌ಸಿಎನ್1ಎ, ಪ್ಯಾಥೊಜೆನಿಕ್, ಅಂದ್ರೆ ಕಾಯಿಲೆ ತರೋ ಬದಲಾವಣೆ. ಅಷ್ಟೊತ್ತಿಗೆ ನಾವೂ ಒಪ್ಕೊಂಡಿದ್ವಿ.

ಆಮೇಲೆ ಜೆನೆಟಿಸಿಸ್ಟ್ ಹತ್ರ ಕಳ್ಸಿದ್ರು, ಇದು ಬೇಕಾ ಅಂತ ತಂಗಿ ಗಂಡ ಕೇಳಿದ, ಇನ್ನೊಂದು ದಿನ ರಜ, ಇನ್ನೊಂದು ಖರ್ಚು. ಬೇಕೇಬೇಕಿತ್ತು. ಅವ್ರು ಮೂರು ತಲೆಮಾರಿನ ವಂಶವೃಕ್ಷ ಬರೆದ್ರು, ಚೌಕ ಗಂಡು, ದುಂಡಗಿರೋದು ಹೆಣ್ಣು, ನನ್ನ ತಂಗಿಗೂ ಅವಳ ಗಂಡನಿಗೂ ಮಧ್ಯೆ ಎರಡು ಗೆರೆ ಎಳೆದ್ರು, ರಕ್ತಸಂಬಂಧಕ್ಕೆ ಎರಡು ಗೆರೆ ಅಂತೆ. ತಂಗಿ ಮುಖ ಬಾಡಿಹೋಯ್ತು. ಆಗ ಅವ್ರು ಕನ್ನಡದಲ್ಲೇ ಬಿಡಿಸಿ ಹೇಳಿದ್ರು. ಸಂಬಂಧದಲ್ಲಿ ಮದ್ವೆಯಾದ್ರೆ ಜಾಸ್ತಿ ಆಗೋ ಕಾಯಿಲೆಗಳು ಇವೆ, ಅವು ಅಪ್ಪನಿಂದ ಒಂದು ಅಮ್ಮನಿಂದ ಒಂದು ಕೆಟ್ಟ ಪ್ರತಿ ಎರಡೂ ಸೇರಿದ್ರೆ ಬರೋವು, ಇಬ್ರೂ ವಾಹಕರಾಗಿದ್ರೆ ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ, ಆದ್ರಿಂದ ಆ ಪ್ರಶ್ನೆ ಕೇಳೋದು ಸರಿ. ಆದ್ರೆ ಡ್ರಾವೆ ಆ ಗುಂಪಿನದಲ್ಲ. ಇದಕ್ಕೆ ಒಂದೇ ಪ್ರತಿ ಕೆಟ್ರೆ ಸಾಕು, ಬಹುಪಾಲು ಮಕ್ಕಳಲ್ಲಿ ಅದು ಹೊಸದಾಗಿ ಆಗಿರುತ್ತೆ, ಅಪ್ಪ ಅಮ್ಮ ಇಬ್ರಲ್ಲೂ ಇರಲ್ಲ. ಇವರಿಬ್ರೂ ಯಾರನ್ನ ಮದ್ವೆ ಆಗಿದ್ರೂ ಆಗಬೋದಿತ್ತು. ಖಚಿತ ಮಾಡ್ಕೊಳ್ಳೋಕೆ ಇಬ್ರ ರಕ್ತದಲ್ಲೂ ಆ ಒಂದು ಜಾಗ ಮಾತ್ರ ನೋಡಿದ್ರು, ನವೆಂಬರಲ್ಲಿ ರಿಪೋರ್ಟ್ ಬಂತು, ಇಬ್ರಲ್ಲೂ ಇಲ್ಲ. ಮುಂದಿನ ಮಗುಗೆ ಅಪಾಯ ಕಮ್ಮಿ ಆದ್ರೆ ಸೊನ್ನೆ ಅಲ್ಲ, ಕೆಲವೊಮ್ಮೆ ಅಪ್ಪನ ಅಥವಾ ಅಮ್ಮನ ಕೆಲವು ಜೀವಕೋಶದಲ್ಲಿ ಮಾತ್ರ ಅಡಗಿರುತ್ತೆ, ಬಸುರಿಯಾದ್ರೆ ಬೇಗ ಬನ್ನಿ ಪರೀಕ್ಷೆ ಇದೆ ಅಂದ್ರು.

ಆ ರಿಪೋರ್ಟನ್ನ ಮನೆಗೆ ಬಂದು ನಮ್ಮಮ್ಮನಿಗೆ ಓದಿ ಹೇಳಿದೆ. ಇಂಗ್ಲಿಷಲ್ಲಿತ್ತು, ಕನ್ನಡದಲ್ಲಿ ಹೇಳಿದೆ. "ಇಬ್ರಲ್ಲೂ ಇಲ್ವಾ? ಇನ್ನೊಂದ್ಸಲ ಓದು" ಅಂದ್ರು. ಓದಿದೆ. ಎದ್ದು ಅಡುಗೆ ಮನೆಗೆ ಹೋಗಿ ಸಿಂಕಿನ ನಲ್ಲಿ ಬಿಟ್ಟು ನಿಂತ್ಕೊಂಡ್ರು, ಪಾತ್ರೆ ಯಾವುದೂ ಇರ್ಲಿಲ್ಲ.

ಇಂಜೆಕ್ಷನ್ ವಿಷಯಾನೂ ಮುಗಿಸ್ತೀನಿ, ಯಾಕಂದ್ರೆ ನನ್ನ ತಂಗಿ ಭಯಕ್ಕೆ ದಡಾರದ್ದನ್ನ ಒಂದು ವರ್ಷ ಕೊಡಿಸಿರ್ಲಿಲ್ಲ. 2006ರಲ್ಲಿ ಆಸ್ಟ್ರೇಲಿಯಾದ ಡಾಕ್ಟ್ರುಗಳು ಲಸಿಕೆಯಿಂದಾನೇ ಮಿದುಳು ಹಾಳಾಯ್ತು ಅಂತ ನಂಬಿದ್ದ 14 ಜನರನ್ನ ಪರೀಕ್ಷೆ ಮಾಡಿದ್ರೆ 11 ಜನರಲ್ಲಿ ಇದೇ ಎಸ್‌ಸಿಎನ್1ಎ ಬದಲಾವಣೆ ಸಿಕ್ತು. ಇಂಜೆಕ್ಷನ್ ಕೊಡದಿದ್ರೂ ಮುಂದಿನ ಜ್ವರಕ್ಕೆ ಶುರುವಾಗ್ತಿತ್ತು. ದಡಾರ ಬಂದ್ರೆ ಜ್ವರ 104, ಅದು ಈ ಮಗುಗೆ ಇಂಜೆಕ್ಷನ್ನಿಗಿಂತ ಎಷ್ಟೋ ಅಪಾಯ. ಡಾಕ್ಟ್ರು ಪ್ಲಾನ್ ಬರೆದುಕೊಟ್ರು, ಪ್ಯಾರಾಸಿಟಮಾಲ್ ಯಾವಾಗ, ಎಷ್ಟು ದಿನ, ಸ್ಪ್ರೇ ಪಕ್ಕದಲ್ಲಿ, ಆಸ್ಪತ್ರೆಲೇ ಕೊಡಿಸಿ ಅರ್ಧ ದಿನ ಕೂತ್ಕೊಂಡು ಬಂದ್ವಿ. ಎಲ್ಲ ಇಂಜೆಕ್ಷನ್ನೂ ಆಗಿದೆ.

ಈಗ ಚಿನ್ನುಗೆ ನಾಲ್ಕು ವರ್ಷ ಆಗ್ತಾ ಬಂತು. ವಾಸಿ ಆಗಿಲ್ಲ, ಇದು ವಾಸಿ ಆಗೋ ಕಾಯಿಲೆ ಅಲ್ಲ, ಹೆಸರು ಗೊತ್ತಾದ ತಕ್ಷಣ ಎಲ್ಲ ಸರಿಹೋಯ್ತು ಅಂತ ಬರೆದ್ರೆ ಸುಳ್ಳಾಗುತ್ತೆ. ಮಾತು ಹಿಂದಿದೆ, ಎರಡು ಪದ ಸೇರಿಸ್ತಾಳೆ, ನಡಿಗೆ ಸ್ವಲ್ಪ ಅಡ್ಡಾದಿಡ್ಡಿ, ವಾರಕ್ಕೆ ಮೂರು ದಿನ ಸ್ಪೀಚ್ ಥೆರಪಿ. ಆದ್ರೆ ಆ ಗೆರೆ ಕೆಳಗೆ ಮೂರು ತಿಂಗಳಿಗೆ ಐದು ಬರ್ತಿದ್ದಿದ್ದು ಈಗ ವರ್ಷಕ್ಕೆ ಐದಾರು, ಐಸಿಯು ನೋಡಿ ಎರಡು ವರ್ಷದ ಮೇಲಾಯ್ತು. ಭುಜ ಎಗರೋದು ಆಕ್ಸ್‌ಕಾರ್ಬಜೆಪಿನ್ ನಿಲ್ಲಿಸಿದ ಮೇಲೆ ಬಹಳ ಕಮ್ಮಿ ಆಯ್ತು. ಮುಂದಿನ ತಿಂಗಳು ಕೀಟೋಜೆನಿಕ್ ಡಯಟ್ ಬಗ್ಗೆ ಮಾತಾಡೋಕೆ ಕರೆದಿದಾರೆ, ಅನ್ನ ಮುದ್ದೆ ಬಿಟ್ಟು ತುಪ್ಪ ಕೊಬ್ಬರಿ ಎಣ್ಣೆ ತೂಕ ಹಾಕಿ ಕೊಡೋದು ನಮ್ಮನೇಲಿ ಹೆಂಗೆ ಅಂತ ತಂಗಿಗೆ ಈಗ್ಲಿಂದಾನೇ ಯೋಚನೆ. ಕ್ಯಾಶುವಾಲ್ಟಿಗೆ ತೋರಿಸೋಕೆ ಒಂದು ಲ್ಯಾಮಿನೇಟ್ ಮಾಡಿದ ಕಾರ್ಡ್ ಇದೆ, ಕಾಯಿಲೆ ಹೆಸರು, ಕೊಡಬಾರದ ಔಷಧಿಗಳು, ಡಾಕ್ಟ್ರ ನಂಬರು. ಅದರ ಒಂದು ಕಾಪಿ ಪ್ಲೇಹೋಮ್ ಟೀಚರ್ ಡ್ರಾಯರಲ್ಲಿದೆ, ಒಂದು ತಂಗಿ ಗಂಡನ ಪರ್ಸಲ್ಲಿ.

ಸ್ನಾನ ಮತ್ತೆ ನಮ್ಮಮ್ಮನ ಕೈಗೇ ಬಂದಿದೆ. ಉಗುರು ಬೆಚ್ಚಗೆ, ಮೊಣಕೈ ಅದ್ದಿ ನೋಡಿ, ತಲೆಗೆ ಬಟ್ಟೆ ಅದ್ದಿ ಒರೆಸೋದು, ಚೊಂಬಲ್ಲಿ ಸುರಿಯೋದಿಲ್ಲ. ಹಾಳೆ ಈಗ ಮೂರನೇದು, ಫ್ರಿಜ್ ಬಾಗಿಲಿಗೆ ಅಂಟಿಸಿದೀವಿ, ಪೆನ್ನು ದಾರದಲ್ಲಿ ಕಟ್ಟಿದೆ. ಹೋದ ತಿಂಗಳು ತಂಗಿ, ಅವಳ ಗಂಡ ಇಬ್ರೂ ಕೆಲಸಕ್ಕೆ ಹೋಗಿದ್ದಾಗ ಬಂತು, ಮನೇಲಿ ಅಮ್ಮ ಒಬ್ರೇ. ನಾನು ಹೋಗೋ ಹೊತ್ತಿಗೆ ಚಿನ್ನು ಸೋಫಾ ಮೇಲೆ ಎಡಮಗ್ಗುಲಾಗಿ ನಿದ್ದೆ ಮಾಡ್ತಿದ್ಳು, ಹಾಳೇಲಿ ಅಮ್ಮನ ಗುಂಡಗಿನ ಅಕ್ಷರದಲ್ಲಿ ಹೊಸ ಸಾಲು ಇತ್ತು: ಜ್ವರ 101, ಬಲಗಡೆ, 5ನೇ ನಿಮಿಷಕ್ಕೆ ಸ್ಪ್ರೇ, 7ಕ್ಕೆ ನಿಂತಿತು.